ಫೂಂಗನ ಪೆಟ್ಟಿಗೆ ಪಳಗಿದ್ದು

ಈ ಕಥೆಯನ್ನು ಮೊದಲು ಹೇಳಿದವಳು ಮಲಾಯ್ ನಾಡಿನ ಇಪೋ ಊರಿನ ಪಾಸಿರ್ ಪಿಂಜಿ ಬಡಾವಣೆಯ ಲ್ಯೋಂಗ್ ಸೀವ್ ಪೆಂಗ್. ಹೇಳಿದ್ದು ೨೦೨೨ರ ಡಿಸೆಂಬರಿನಲ್ಲಿ, ವರ್ಷದ ಅತಿ ಗಿಡ್ಡ ಹಗಲಿನ ಹಬ್ಬದ ಹಿಂದಿನ ದಿನ ಮಧ್ಯಾಹ್ನ, ಓಣಿಯ ಹೆಂಗಸರು ಅವಳ ಅಡಿಗೆಮನೆಯಲ್ಲಿ ಸೇರಿ ಅಂಟಕ್ಕಿ ಹಿಟ್ಟಿನ ಉಂಡೆ ಕಟ್ಟುತ್ತಿದ್ದಾಗ. ಕಥೆ ಅವಳ ಅಕ್ಕ ಸೀವ್ ಲೀಯದು. ಪಕ್ಕದ ಮೆಂಗ್ಲೆಂಬು ಕಡೆಯಲ್ಲೂ ಇದು ಕೇಳಸಿಗುತ್ತದೆ. ಆದರೆ ಅಲ್ಲಿಯವರು ಪೆಟ್ಟಿಗೆ ಕಟ್ಟಿದವನನ್ನೇ ಖಳನನ್ನಾಗಿ ಮಾಡಿ ಹೇಳುತ್ತಾರೆ. ತಂಗಿಯ ಬಾಯಿಂದ ಬಂದ ಪಾಠದಲ್ಲಿ ಖಳರು ಯಾರೂ ಇಲ್ಲ. ಆದ್ದರಿಂದ ಇಲ್ಲಿ ಅದನ್ನೇ ಅನುಸರಿಸಿದೆ.

ಸೀವ್ ಲೀಯ ಗಂಡ ಚುಯ್ ವಾಯ್ ಕ್ಯೋಂಗ್ ದಂತವೈದ್ಯರಿಗೆ ಕಟ್ಟುಹಲ್ಲು ಮಾಡಿಕೊಡುವ ಕಸುಬಿನವನು. ಮೇಣದಲ್ಲಿ ಹಲ್ಲು ಕೊರೆಯುವ ಬೆರಳಿಗೆ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ತಿಳಿಯುತ್ತದೆ. ಆ ನಾಜೂಕು ಬೆರಳಿನಿಂದ ಕಿವಿಗೆ ಹತ್ತಿತೋ, ಕಿವಿಯಿಂದ ಬೆರಳಿಗೆ ಇಳಿಯಿತೋ, ಹೇಳಲಾಗದು. ಕೆಲಸ ಬಿಟ್ಟ ಮೇಲೆ ಮನೆಯ ಮುಂಗೋಣೆಯನ್ನು ಅವನು ಹಾಡು ಕೇಳುವ ಕೋಣೆ ಮಾಡಿಕೊಂಡ. ಎದೆಯೆತ್ತರದ ಎರಡು ಸ್ಪೀಕರು, ಅವುಗಳ ಎದುರಿಗೆ ಒಂದೇ ಒಂದು ಒರಗು ಕುರ್ಚಿ. ಹಾಡುಗಳು ಗ್ರಾಮೊಫೋನ್ ತಟ್ಟೆಯಿಂದ ಬರುತ್ತಿರಲಿಲ್ಲ. ಇಂಟರ್‌ನೆಟ್ಟಿನ ತಂತಿಯಲ್ಲಿ ಇಳಿದು, ಗೋಡೆಯ ಮೂಲೆಯ ಫೈಬರ್ ಡಬ್ಬಿ ದಾಟಿ, ರೌಟರು ದಾಟಿ, ಇಂಟರ್‌ನೆಟ್ಟನ್ನು ಕವಲೊಡೆಸಿ ಹಂಚುವ ಅಂಗೈಯಗಲದ ಸ್ವಿಚ್ ಡಬ್ಬಿಯೊಂದನ್ನು ದಾಟಿ ಸ್ಪೀಕರು ಸೇರುತ್ತಿದ್ದವು. ಈ ಡಬ್ಬಿಗಳಿಗೆ ಕಂಪನಿಯವರು ಕೊಡುವ ಅಡಾಪ್ಟರು ಬೆಂಕಿಪೊಟ್ಟಣದಷ್ಟು ಹಗುರ. ಅದು ಕೊಡುವ ಕರೆಂಟಿನಲ್ಲಿ ಕೊಳೆ ಇರುತ್ತದೆ, ಆ ಕೊಳೆ ತಂತಿ ಹಿಡಿದು ಬಂದು ಹಾಡಿಗೆ ಮೆತ್ತುತ್ತದೆ ಎಂಬುದು ಅವನ ಮತ್ತು ಅವನ ಗೆಳೆಯರ ನಂಬಿಕೆ. ದೂರದಲ್ಲೆಲ್ಲೋ ಮಳೆ ಬರುತ್ತಿರುವಂಥ ಒಂದು 'ಸ್' ಸದ್ದು ಹಾಡಿನ ಹಿಂದೆ ಅವನನ್ನು ಸದಾ ಬಾಧಿಸುತ್ತಿತ್ತು. ಅದು ಅಳಿದು, ದನಿಯ ಹಿಂದೆ ಏನೂ ಇಲ್ಲದ ಬಯಲು ಉಳಿಯುವುದಕ್ಕೆ ಆ ಬಳಗದವರು ಹಿನ್ನೆಲೆ ಕಪ್ಪಾಯಿತು ಎನ್ನುತ್ತಾರೆ. ಕ್ಯೋಂಗನಿಗೆ ಬೇರೆ ಆಸೆ ಇರಲಿಲ್ಲ. ಒಮ್ಮೆ ಕಪ್ಪಾಗಬೇಕು, ಅಷ್ಟೆ.

ಅವನು ಕೇಳಲು ಕುಳಿತನೆಂದರೆ ಫ್ಯಾನು ನಿಲ್ಲಬೇಕು, ಫ್ರಿಜ್ಜಿನ ಪ್ಲಗ್ಗು ಕಳಚಬೇಕು, ಮನೆಯೊಳಗೆ ಬರಿಗಾಲಲ್ಲಿ ನಡೆಯಬೇಕು. ಇಪೋದ ಮಧ್ಯಾಹ್ನದ ಸೆಕೆಯಲ್ಲಿ ಸೀವ್ ಲೀ ಮಡಚಿದ ಪತ್ರಿಕೆಯಿಂದ ಗಾಳಿ ಹಾಕಿಕೊಳ್ಳುತ್ತ ಅಡಿಗೆಮನೆಯಲ್ಲಿ ಕೂರುತ್ತಿದ್ದಳು. ಮಾತನಾಡುವಂತಿಲ್ಲವಾದ್ದರಿಂದ ದಂಪತಿಗಳು ಕಾಲಕ್ರಮೇಣ ಕೈಸನ್ನೆಯ ಒಂದು ಭಾಷೆಯನ್ನೇ ಕಟ್ಟಿಕೊಂಡರು. ಎರಡು ಬೆರಳು ತುಟಿಗೆ ತಂದರೆ ಅನ್ನವಾಗಿದೆ; ಕಿವಿಯ ತುದಿ ಹಿಡಿದರೆ ಗೇಟಿನ ಬಳಿ ಯಾರೋ ಬಂದಿದ್ದಾರೆ; ಅಂಗೈ ಮಗುಚಿದರೆ ಇನ್ನೂ ಇಲ್ಲ. ವರ್ಷಗಳು ಕಳೆದಂತೆ ಹಾಡಿಲ್ಲದ ಹೊತ್ತಿನಲ್ಲೂ ಅದೇ ರೂಢಿಯಾಯಿತು.

"ಅಕ್ಕಾ, ನಿಮ್ಮನೆಗ್ ಬಂದ್ರೆ ಮಾತೇ ಮರ್ತೋಗತ್ತೆ ಕಣೇ," ಎಂದು ಪೆಂಗ್ ಕೆಣಕಿದರೆ, ಸೀವ್ ಲೀ ನಗುತ್ತಿದ್ದಳು. "ಒಳ್ಳೇದೇ ಬಿಡೇ. ಕೈಯಲ್ಲಿ ಅನ್ನ ಬಡಿಸ್ಬೋದು, ಜಗಳ ಆಡೋಕಾಗಲ್ಲ."

ಭಾನುವಾರಗಳಂದು ಇಬ್ಬರು ಗೆಳೆಯರು ಬರುತ್ತಿದ್ದರು. ಒಬ್ಬ ಫೂಂಗ್ ಕೊಕ್ ವಾ. ಸುಟ್ಟ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುವ ಅಂಗಡಿಯವನು. ಇನ್ನೊಬ್ಬರು ಭೂಗೋಳ ಕಲಿಸಿ ನಿವೃತ್ತರಾದ ಜುಲ್ಹೈರಿ ಮೇಷ್ಟ್ರು. ಅವರು ಮುಸಲ್ಮಾನರಾದ್ದರಿಂದ ಸೀವ್ ಲೀ ಅವರಿಗೆಂದೇ ಹಂದಿಮಾಂಸ ಸೋಕದ ತಟ್ಟೆ ಲೋಟ ಇಟ್ಟು, ಮಲಾಯ್ ಅಂಗಡಿಯಿಂದ ತಿಂಡಿ ತರಿಸುತ್ತಿದ್ದಳು. ಆ ಬಳಗಕ್ಕೊಂದು ನಡವಳಿಕೆ ಇತ್ತು. ಯಾರದಾದರೂ ಮನೆಯಲ್ಲಿ ಹೊಸ ಪೆಟ್ಟಿಗೆ ಹಾಕಿ ಕೇಳಿಸಿದರೆ, ಕೇಳಿದವನು ಒಂದು ಉಸಿರಿನಷ್ಟು ಸುಮ್ಮನಿದ್ದು ಆಮೇಲೆ ಏನಾದರೊಂದು ಬದಲಾವಣೆಯನ್ನು ಹೇಳಲೇಬೇಕು. ಹಾಡುವವಳು ಹತ್ತಿರ ಬಂದಳು ಅನ್ನಬಹುದು, ಡೋಲು ಅಗಲವಾಯಿತು ಅನ್ನಬಹುದು. ನನಗೇನೂ ಗೊತ್ತಾಗಲಿಲ್ಲ ಎನ್ನುವಂತಿಲ್ಲ. ಮದುವೆಯೂಟಕ್ಕೆ ಕೂತು ಅನ್ನ ಬೆಂದಿಲ್ಲ ಎಂದಂತೆ ಅದು. ನಿಜವಾದ ತೀರ್ಪು ಹೊರಗೆ, ಕಾಫಿ ಅಂಗಡಿಯಲ್ಲಿ, ಮನೆಯ ಯಜಮಾನ ಜೊತೆಗಿಲ್ಲದಾಗ.

ಒಂದು ಭಾನುವಾರ ಫೂಂಗ್ ಮೋಟಾರ್‌ಬೈಕಿನ ಹಿಂದೆ ಟವಲು ಸುತ್ತಿದ ಪೆಟ್ಟಿಗೆಯೊಂದನ್ನು ಕಟ್ಟಿಕೊಂಡು ಬಂದ.

"ದಾರಿ ಬಿಡಿ ಅತ್ತಿಗೆ, ಕೂಸು ಭಾರ ಇದೆ."

"ಎಷ್ಟ್ ತಿಂಗಳ ಬಸುರೋ ಫೂಂಗ್?"

"ಅಯ್ಯೋ ಕೇಳ್ಬೇಡಿ. ತಂತಿ ಸುತ್ತೀ ಸುತ್ತೀ ಹೆಂಡ್ತಿ ಮುಖ ಮರ್ತೋಗಿದೆ. ನಿನ್ನೆ ಯಾರಮ್ಮ ನೀನು ಅಂದ್ಬಿಟ್ಟೆ."

ಸ್ವಿಚ್ ಡಬ್ಬಿಗೆಂದೇ ಕಟ್ಟಿದ ಪವರ್ ಸಪ್ಲೈ ಅದು. ಬೆಂಕಿಪೊಟ್ಟಣದಂಥ ಅಡಾಪ್ಟರು ಮಾಡುವ ಕೆಲಸಕ್ಕೆ ಕಬ್ಬಿಣದ ಗರ್ಭದ, ತಾಮ್ರ ಸುತ್ತಿದ, ಒಬ್ಬನೇ ಎತ್ತಿದರೆ ಏದುಸಿರು ಬರುವಂಥ ಟ್ರಾನ್ಸ್‌ಫಾರ್ಮರು. ಹಳೆಯದನ್ನು ಕಿತ್ತು ಅದನ್ನು ಜೋಡಿಸಿ ಮೂವರೂ ಕೇಳಲು ಕುಳಿತರು. ಹಾಡು ಮುಗಿಯಿತು. ಒಂದು ಉಸಿರಿನ ಮೌನವೂ ಮುಗಿಯಿತು.

"ಪಿಯಾನೋ ಒಂದ್ ಹೆಜ್ಜೆ ಮುಂದಕ್ ಬಂತು," ಎಂದರು ಮೇಷ್ಟ್ರು.

"ಬಂತಾ?" ಕ್ಯೋಂಗ್ ತಲೆ ಓರೆ ಮಾಡಿದ. "ಆದ್ರೆ ಹಿಂದಿನ 'ಸ್' ಹಾಗೇ ಇದೆ."

ಫೂಂಗನ ಮುಖ ಸ್ವಲ್ಪ ಬಾಡಿತು. "ಹೊಸಾದು ಕ್ಯೋಂಗಣ್ಣ. ಪಳಗ್ಬೇಕು. ಹೊಸ ಚಪ್ಲಿ ಮೊದಲ್ನೇ ದಿನಾನೇ ಕಾಲಿಗ್ ಕೂರತ್ತಾ? ಆರಿಸ್ಬೇಡ, ವಾರಗಟ್ಲೆ ಉರೀತಾನೇ ಇರ್ಲಿ. ಆಮೇಲ್ ನೋಡು."

ಇದೂ ಆ ಬಳಗದ ನಂಬಿಕೆಯೇ. ಹೊಸ ಪೆಟ್ಟಿಗೆ ಬಿಡದೆ ಕಾದು ಕಾದು ಪಳಗಿದ ಮೇಲೆಯೇ ತನ್ನ ಗುಣ ತೋರಿಸುತ್ತದೆ ಎಂದು. ಕ್ಯೋಂಗ್ ಒಪ್ಪಿಕೊಂಡು ಕಾಯತೊಡಗಿದ.

ಪೆಟ್ಟಿಗೆ ಪಳಗಲು ಕುಳಿತ ಆ ವಾರಗಳಲ್ಲೇ ಕ್ಯೋಂಗನ ಎರಡೂ ಕಿವಿಗಳು ಒಳಗಿಂದೊಳಗೆ ಸಾಯತೊಡಗಿದವು. ನೋವಿಲ್ಲ, ಸೋರಿಕೆಯಿಲ್ಲ, ಜ್ವರವಿಲ್ಲ. ಇಂಥ ರೋಗದಲ್ಲಿ ಮೊದಲು ಹೋಗುವುದು ಅತಿ ಸಣ್ಣ, ಅತಿ ಮೇಲಿನ ಸದ್ದು. ಮಾತಿನ ದಪ್ಪ ದನಿ ಕೊನೆಗೆ. ಆದ್ದರಿಂದ ಅವನ ಪಾಲಿಗೆ ಎಲ್ಲಕ್ಕಿಂತ ಮೊದಲು ಅಳಿದದ್ದು ಹಾಡಿನ ಹಿಂದಿನ ಆ 'ಸ್'. ಒಂದು ದಿನ ಅದು ತೆಳುವಾಯಿತು. ಮತ್ತೊಂದು ದಿನ ಹುಡುಕಿದರೆ ಮಾತ್ರ ಸಿಕ್ಕಿತು. ಆಮೇಲೆ ಹುಡುಕಿದರೂ ಇಲ್ಲ. ಕಿವಿ ಹೋಗುತ್ತಿದೆ ಎಂದು ಬೇರೆ ಯಾವ ಮನುಷ್ಯನಾದರೂ ಹೆದರುತ್ತಿದ್ದ. ಇವನು ಕುರ್ಚಿಯಲ್ಲಿ ಕಣ್ಣುಮುಚ್ಚಿ ಕುಳಿತು, ಪೆಟ್ಟಿಗೆ ಪಳಗುತ್ತಿದೆ ಎಂದು ಹಿಗ್ಗಿದ.

ಸೀವ್ ಲೀಗೆ ತಿಳಿದದ್ದು ಬೇರೊಂದು. ಒಂದು ಮಧ್ಯಾಹ್ನ ಮೀನು ಹುರಿದು ಬೆವರಿನಿಂದ ತೊಯ್ದು ಬಂದವಳು, ಹಾಡು ನಡೆದಿದೆ ಎಂಬುದನ್ನೇ ಮರೆತು ಮುಂಗೋಣೆಯ ಫ್ಯಾನು ಹಾಕಿಬಿಟ್ಟಳು. ಹಾಕಿದ ಮೇಲೆ ಅವಳ ಕೈ ಸ್ವಿಚ್ಚಿನ ಮೇಲೆಯೇ ನಿಂತುಬಿಟ್ಟಿತು. ಹಳೆಯ ಫ್ಯಾನು ಕಟಕಟ ಎನ್ನುತ್ತ ಸುತ್ತತೊಡಗಿತು. ಕ್ಯೋಂಗ್ ಕಣ್ಣು ತೆರೆದ, ಅವಳನ್ನು ನೋಡಿ ಮುಗುಳ್ನಕ್ಕ, ಮತ್ತೆ ಕಣ್ಣು ಮುಚ್ಚಿಕೊಂಡ. ಅವಳು ಗೋಡೆಗೊರಗಿ ನೆಲದ ಮೇಲೆ ಕುಳಿತು, ಆ ಕೋಣೆಯಲ್ಲಿ ವರ್ಷಗಳಿಂದ ಸಿಗದಿದ್ದ ಗಾಳಿಗೆ ಮುಖ ಒಡ್ಡಿದಳು. ಮಾರನೆಯ ದಿನ ಬೇಕೆಂದೇ ಹಾಕಿ ನೋಡಿದಳು. ಅಂದೂ ಅವನು ಸುಮ್ಮನಿದ್ದ. ಅದಾದ ಮೇಲೆ ಫ್ರಿಜ್ಜು ಹಗಲಿಡೀ ಗುನುಗತೊಡಗಿತು. ಅಡಿಗೆಮನೆಯಲ್ಲಿ ಅವಳ ರೇಡಿಯೋ ಬಾಯಿಬಿಟ್ಟಿತು. ಅವಳ ಕಾಲಿಗೆ ಚಪ್ಪಲಿ ಬಂತು.

"ರೇಡಿಯೋ ಕೇಳ್ತಿದೆ! ನಿನ್ ಮುದುಕಂಗೆ ಏನಾಗಿದ್ಯೇ?" ಎಂದು ಪೆಂಗ್ ಫೋನಿನಲ್ಲಿ ಕೇಳಿದಳು.

"ಪೆಟ್ಟಿಗೆ ಬಂದ್ಮೇಲೆ ಮನುಷ್ಯ ಆಗಿದಾನೆ ಕಣೇ. ಅವನಿಗ್ ಬೇಕಾದ್ದು ಸಿಕ್ಬಿಡ್ತು. ಇನ್ಯಾಕ್ ರೇಗ್ತಾನೆ? ನನ್ ಪಾಲಿಗೂ ಒಂದಿಷ್ಟ್ ಗಾಳಿ ಬಂತು."

"ದೊಡ್ಡ ಮನಸ್ಸು ಮಾಡ್ದ ಅನ್ನು!"

"ಅನ್ಕೋ ಹಾಗೇ. ಈ ವಯಸ್ಸಲ್ಲಿ ಗಂಡ ಒಳ್ಳೆಯವನಾದ್ರೆ ಬೇಡ ಅನ್ನೋಕಾಗತ್ತಾ?"

ಕರೆದರೆ ಅವನು ತಿರುಗುತ್ತಿರಲಿಲ್ಲ, ನಿಜ. ಆದರೆ ಆ ಮನೆಯಲ್ಲಿ ಕರೆಯುವ ರೂಢಿ ತಪ್ಪಿ ಎಷ್ಟೋ ಕಾಲವಾಗಿತ್ತು. ಎದುರು ಬಂದು ತುಟಿಗೆ ಬೆರಳು ತಂದರೆ ಊಟಕ್ಕೆ ಏಳುತ್ತಿದ್ದ. ಮದುವೆಯಾದಾಗಿನಿಂದ ಅಷ್ಟು ನಿರಾಳವಾದ ವಾರಗಳನ್ನು ಸೀವ್ ಲೀ ಕಂಡಿರಲಿಲ್ಲ. ಪೇಟೆಯಿಂದ ಉಪ್ಪಿನಲ್ಲಿ ಹುದುಗಿಸಿ ಬೇಯಿಸಿದ ಕೋಳಿಯೊಂದನ್ನು ಕೊಂಡು, ತಾನೇ ಹೋಗಿ ಫೂಂಗನ ಅಂಗಡಿಯಲ್ಲಿ ಕೊಟ್ಟು ಬಂದಳು.

"ಯಾಕತ್ತಿಗೆ ಇದೆಲ್ಲ?"

"ನೀನ್ ಮಾಡಿರೋ ಉಪಕಾರ ನಿಂಗೇ ಗೊತ್ತಿಲ್ಲ. ತಿನ್ನು ಸುಮ್ನೆ."

ಮುಂದಿನ ಭಾನುವಾರ ಕ್ಯೋಂಗ್ ಗೆಳೆಯರನ್ನು ಬಾಗಿಲಲ್ಲೇ ತಡೆದ. "ಬಂದ್ಬಿಡ್ತು! ಕಪ್ಪು! ಸಾರಿಸಿದ ಹಾಗೆ! ಕೂತ್ಕೊಳ್ಳಿ, ಮಾತಾಡ್ಬೇಡಿ."

ಹಾಡು ಶುರುವಾಯಿತು. ಎಂದಿಗಿಂತ ಬಹಳ ಜೋರಾಗಿತ್ತು. ಚಹಾ ಹಿಡಿದು ಬಂದ ಸೀವ್ ಲೀ ಮೇಷ್ಟ್ರ ಲೋಟದಲ್ಲಿ ಚಹಾ ನಡುಗುವುದನ್ನು ಕಂಡಳು. ಫೂಂಗ್ ಮೇಷ್ಟ್ರ ಕಡೆ ನೋಡಿದ, ಮೇಷ್ಟ್ರು ಫೂಂಗನ ಕಡೆ ನೋಡಿದರು, ಇಬ್ಬರೂ ನೆಲ ನೋಡಿದರು. ಹಾಡು ಮುಗಿದಾಗ ಕ್ಯೋಂಗನ ಕಣ್ಣಲ್ಲಿ ನೀರಿತ್ತು.

"ಕಪ್ಪು," ಎಂದ ಫೂಂಗ್, ಉಸಿರಿನಷ್ಟು ಸುಮ್ಮನಿದ್ದು.

"ಕಾಡಿಗೆ ಕಪ್ಪು," ಎಂದರು ಮೇಷ್ಟ್ರು. ಬಾಯಿ ಒರೆಸಿಕೊಂಡು ಎದ್ದರು.

ಮಳೆಗಾಲ ಹಿಡಿದ ಮೇಲೆ ಆ ಕಪ್ಪಿನೊಳಗೆ ಒಂದು ಹೊಸ ಸದ್ದು ಹುಟ್ಟಿತು. ತೆಳ್ಳಗೆ, ಎತ್ತರಕ್ಕೆ, ಮರದ ಮೇಲಿನ ಜೀರುಂಡೆಯಂತೆ ಎಡೆಬಿಡದ ಸದ್ದು. ಕ್ಯೋಂಗನ ಮುಖ ಗಂಟಿಕ್ಕಿತು. ಸ್ವಿಚ್ ಡಬ್ಬಿ ಶುದ್ಧವಾಯಿತಾದ್ದರಿಂದ ಅದರ ಹಿಂದಿನ ಡಬ್ಬಿಯ ಕೊಳೆ ಈಗ ಎದ್ದು ಕಾಣುತ್ತಿದೆ ಎಂದು ಅವನ ತರ್ಕ. ಫೂಂಗ್ ರೌಟರಿಗೊಂದು ಪವರ್ ಸಪ್ಲೈ ಕಟ್ಟಿಕೊಟ್ಟ. ಸದ್ದು ಹೋಗಲಿಲ್ಲ. ಗೋಡೆಯ ಫೈಬರ್ ಡಬ್ಬಿಗೂ ಒಂದನ್ನು ಕಟ್ಟಿದ. ಹೋಗಲಿಲ್ಲ. ಕ್ಯೋಂಗ್ ಮತ್ತೆ ಫ್ಯಾನು ಆರಿಸಿದ, ಫ್ರಿಜ್ಜು ಕಿತ್ತ, ಹೆಂಡತಿಯ ರೇಡಿಯೋವನ್ನು ಬಟ್ಟೆ ಸುತ್ತಿ ಕಪಾಟಿನಲ್ಲಿಟ್ಟ. ಸದ್ದು ಅಲ್ಲೇ ಇತ್ತು. ಸೀವ್ ಲೀ ಮತ್ತೆ ಮಡಚಿದ ಪತ್ರಿಕೆ ಹಿಡಿದಳು.

ಕಡೆಗೊಂದು ಮಧ್ಯಾಹ್ನ ಫೂಂಗನನ್ನು ಕರೆಸಿ, ಇಡೀ ಮನೆಯ ಮೇನ್ ಸ್ವಿಚ್ಚನ್ನೇ ಇಳಿಸುವಂತೆ ಹೇಳಿದ. ಫೂಂಗ್ ಹಿಂಬಾಗಿಲ ಬಳಿಯ ಪೆಟ್ಟಿಗೆಯ ಗುಬುಟು ಕೆಳಗೆ ಎಳೆದ. ಮನೆಯ ಪ್ರತಿ ದೀಪವೂ, ಪ್ರತಿ ಡಬ್ಬಿಯ ಹಸಿರು ಚುಕ್ಕಿಯೂ ಆರಿತು.

"ಇಳಿಸು ಅಂದ್ನಲ್ಲೋ," ಎಂದ ಕ್ಯೋಂಗ್, ಕುರ್ಚಿಯಿಂದಲೇ.

"ಇಳಿಸ್ದೆ ಅಣ್ಣ."

"ಇಳಿಸೋ ಮಾರಾಯ! ಇನ್ನೂ ಕಿರ್ರ್ ಅಂತಿದೆ!"

ಸೀವ್ ಲೀ ಎದುರು ಬಂದು ಎರಡೂ ಅಂಗೈ ಮಗುಚಿ ತೋರಿಸಿದಳು. ಇಲ್ಲ, ಏನೂ ಇಲ್ಲ. ಅವನು ನಂಬಲಿಲ್ಲ. ಎದ್ದು ಹೋಗಿ ಮೀಟರು ನೋಡಿದ, ಸತ್ತಿತ್ತು. ಪಕ್ಕದ ಮನೆಯದಿರಬೇಕು ಎಂದುಕೊಂಡು ಗೇಟು ದಾಟಿ ರಸ್ತೆಗಿಳಿದ. ಪಕ್ಕದ ಮನೆಯನ್ನು ದಾಟಿದ, ಅದರ ಪಕ್ಕದ್ದನ್ನೂ ದಾಟಿದ. ತಂತಿ ಕಂಬಗಳಿಲ್ಲದ ಆಟದ ಬಯಲಿನ ಅಂಚಿಗೆ ಬಂದು ನಿಂತ. ಸದ್ದು ಅವನಿಗಿಂತ ಹಿಂದೆಯೂ ಉಳಿಯಲಿಲ್ಲ, ಮುಂದೆಯೂ ಹೋಗಲಿಲ್ಲ. ಹಿಂದೆ ಓಡಿಬಂದ ಸೀವ್ ಲೀಗೆ ಕಂಡದ್ದು ಇಷ್ಟು: ಹಾರನ್ ಹೊಡೆಯುತ್ತ ಬಂದ ಲಾರಿಯೊಂದು ಅವನ ಮೊಣಕೈ ಸವರುವಷ್ಟು ಹತ್ತಿರ ಹಾದುಹೋಯಿತು, ಅದರ ಗಾಳಿ ಅಂಗಿಗೆ ಬಡಿದ ಮೇಲೆಯೇ ಅವನು ಬೆಚ್ಚಿದ.

ಅವನು ಎರಡೂ ಕೈಗಳಿಂದ ಕಿವಿ ಮುಚ್ಚಿದ. ತೆಗೆದ. ಮತ್ತೆ ಮುಚ್ಚಿದ. ಆಮೇಲೆ ಹೆಂಡತಿಯ ಕಡೆ ತಿರುಗಿ, ತನಗೇ ಕೇಳದಷ್ಟು ಮೆಲ್ಲಗೆ ಹೇಳಿದ: "ಮುದುಕೀ, ಇದು ನನ್ನೊಳಗಿದೆ."

ಆಸ್ಪತ್ರೆಯ ಕಿವಿ ಡಾಕ್ಟರು ಎಳೆ ವಯಸ್ಸಿನ ಹೆಣ್ಣುಮಗಳು. ಪರೀಕ್ಷೆಗಳೆಲ್ಲ ಮುಗಿದ ಮೇಲೆ, ರೋಗ ತಡೆಯಬೇಕಾದ ಮೈಯ ಕಾವಲೇ ದಾರಿ ತಪ್ಪಿ ಒಳಗಿವಿಯನ್ನು ತಿಂದುಹಾಕಿದೆ ಎಂದಳು. ಇದಕ್ಕೆ ಮಾತ್ರೆ ಇದೆ. ಆದರೆ ಮೊದಲ ಕೆಲವು ವಾರಗಳಲ್ಲಿ ಸಿಕ್ಕಿದರೆ ಮಾತ್ರ ಬಹುಪಾಲು ಉಳಿಸಬಹುದು.

"ಯಾವಾಗಿಂದಮ್ಮ ಹೀಗೆ? ಮನೇಲ್ ಏನಾದ್ರೂ ವ್ಯತ್ಯಾಸ ಕಾಣ್ಲಿಲ್ವಾ ನಿಮಗೆ? ಟೀವಿ ಜೋರಾಗ್ ಇಡೋದು, ಕರೆದ್ರೆ ಓಗೊಡದೇ ಇರೋದು?"

ಸೀವ್ ಲೀ ಬಾಯಿ ತೆರೆದಳು. ಅವಳ ಕಣ್ಣೆದುರಿಗೆ ಬಂದದ್ದು ಕಟಕಟ ಸುತ್ತುವ ಫ್ಯಾನು, ಅದರ ಕೆಳಗೆ ಗೋಡೆಗೊರಗಿ ಕುಳಿತ ತಾನು.

"ಫ್ಯಾನು ಹಾಕಿದ್ರೂ ಬೈಯೋದ್ ಬಿಟ್ಟಿದ್ದ," ಎಂದಳು. "ಒಳ್ಳೆಯವನಾದ ಅನ್ಕೊಂಡೆ ನಾನು."

ಡಾಕ್ಟರಿಗೆ ಅದು ಅರ್ಥವಾಗಲಿಲ್ಲ. ಅವಳು ಬೇರೆ ಪ್ರಶ್ನೆಗೆ ಹೋದಳು.

ಮಾತ್ರೆ ಕೊಟ್ಟರು, ಇದ್ದದ್ದರಲ್ಲಿ ಚೂರು ಉಳಿಯಿತು. ಎರಡೂ ಕಿವಿಗೆ ಯಂತ್ರ ಇಟ್ಟರು. ಅದರಲ್ಲಿ ಎದುರು ಕುಳಿತವರ ಮಾತು ಬಾಯಿ ನೋಡುತ್ತ ಅರ್ಧಂಬರ್ಧ ಹಿಡಿಯಬಹುದಿತ್ತು. ಹಾಡು ಮಾತ್ರ ತಗಡಿನ ಮೇಲೆ ಉಗುರು ಎಳೆದಂತೆ ಕೇಳುತ್ತಿತ್ತು. ಒಮ್ಮೆ ಹಾಕಿ ಆರಿಸಿದವನು ಮತ್ತೆ ಹಾಕಲಿಲ್ಲ. ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಟ್ಟ. ಸೀವ್ ಲೀ ಹಗಲಿಡೀ ಅವನ ಪಕ್ಕದಲ್ಲೇ ಇರತೊಡಗಿದಳು. ಸೆಕೆ ಎಷ್ಟಿದ್ದರೂ ಆ ಕೋಣೆಯ ಫ್ಯಾನು ಹಾಕಲು ಅವಳ ಕೈ ಏಳುತ್ತಿರಲಿಲ್ಲ.

ಹೀಗಿರುವಾಗ ಅವನ ಮನಸ್ಸಿನಲ್ಲಿ ಒಂದೇ ಪ್ರಶ್ನೆ ಉಳಿಯಿತು. ಊಟದ ಮಧ್ಯೆ ತುತ್ತು ಹಿಡಿದು ಅದನ್ನೇ ಕೇಳುತ್ತಿದ್ದ. "ಆ ಭಾನುವಾರ ಬಂದಿತ್ತಲ್ಲ, ಆ ಕಪ್ಪು. ಅದು ಹಾಡಿನದಾ, ನನ್ನ ಕಿವೀದಾ?" ಸೀವ್ ಲೀ, "ನಂಗೇನ್ ಗೊತ್ತು, ಊಟ ಮಾಡು," ಎನ್ನುತ್ತಿದ್ದಳು. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಆ ದಿನ ಅವಳು ಕೇಳಿದ್ದು ಹಾಡಲ್ಲ, ಲೋಟದ ನಡುಕ. ಆದರೆ ಪ್ರಶ್ನೆಯ ತೂಕ ಅವಳಿಗೆ ಗೊತ್ತಿತ್ತು. ಜೀವಮಾನವಿಡೀ ಕಾದದ್ದು ಒಂದು ದಿನವಾದರೂ ನಿಜವಾಗಿ ಬಂದಿತ್ತೆಂದಾದರೆ ಅದನ್ನು ನೆನೆದುಕೊಂಡು ಉಳಿದ ದಿನ ಕಳೆಯಬಹುದು. ಬರಲೇ ಇಲ್ಲವೆಂದಾದರೆ, ಅವನು ಕಣ್ಣೀರು ತುಂಬಿ ಹಿಗ್ಗಿದ್ದು ತನ್ನದೇ ಕಿವಿಯ ಸಾವಿಗೆ.

ಗೆಳೆಯರು ಬಹಳ ದಿನ ಆ ಕಡೆ ತಲೆಹಾಕಲಿಲ್ಲ. ಕೊನೆಗೆ ಸೀವ್ ಲೀಯೇ ಹೇಳಿ ಕಳಿಸಿದ ಮೇಲೆ ಒಂದು ಭಾನುವಾರ ಇಬ್ಬರೂ ಬಂದು, ಅಡಿಗೆಮನೆಯಿಂದ ತಂದ ಕುರ್ಚಿಗಳ ತುದಿಯಲ್ಲಿ ಕುಳಿತರು. ಚಹಾ ಬಂತು. ಯಾರೂ ಲೋಟ ಮುಟ್ಟಲಿಲ್ಲ.

"ಒಂದ್ ಮಾತು ಕೇಳ್ತೀನಿ," ಎಂದ ಕ್ಯೋಂಗ್, ಕಿವುಡರ ಎತ್ತರದ ದನಿಯಲ್ಲಿ. "ದಾಕ್ಷಿಣ್ಯ ಬೇಡ, ನಿಜ ಹೇಳಿ. ಆವತ್ತು ಕಪ್ಪಾಗಿತ್ತಾ?"

ಮೇಷ್ಟ್ರು ಕಿಟಕಿಯ ಹೊರಗಿನ ಸುಣ್ಣದಕಲ್ಲಿನ ಗುಡ್ಡ ನೋಡಿದರು. ಫೂಂಗ್ ತಲೆ ತಗ್ಗಿಸಿ, ತನ್ನ ಮೊಣಕಾಲಿಗೆ ಹೇಳುವವನಂತೆ ಮಾತನಾಡಿದ.

"ಆಗಿರ್ಲಿಲ್ಲ ಕ್ಯೋಂಗಣ್ಣ. ಆ 'ಸ್' ಮೊದಲ್ನೇ ದಿನ ಎಷ್ಟಿತ್ತೋ ಅಷ್ಟೇ ಇತ್ತು. ಇಬ್ರಿಗೂ ಕೇಳಿಸ್ತು. ಕಾಫಿ ಅಂಗಡೀಲಿ ಕೂತು ನಕ್ವಿ ನಾವು, ನನ್ನ ಪೆಟ್ಟಿಗೆ ದಂಡ ಅಂತ. ಅವತ್ತೇ ನಿನ್ನೆದುರಿಗೆ ಬಾಯ್ಬಿಟ್ಟಿದ್ರೆ..."

ಬಳಗದ ನಡವಳಿಕೆಯನ್ನು ಮೊದಲ ಬಾರಿಗೆ ಮುರಿದು ಹೇಳಿದ ಮಾತು ಅದು. ತಗ್ಗಿದ ಬಾಯಿಂದ ಬಂದದ್ದರಿಂದ ಕ್ಯೋಂಗನಿಗೆ ಒಂದಕ್ಷರವೂ ಮುಟ್ಟಲಿಲ್ಲ. ಅವನು ಎಂದಿನಂತೆ ಹೆಂಡತಿಯ ಕಡೆ ತಿರುಗಿದ. ಅವಳ ತುಟಿಯನ್ನು ಅವನು ಬೇರೆ ಯಾರ ತುಟಿಗಿಂತ ಚೆನ್ನಾಗಿ ಓದುತ್ತಿದ್ದ.

"ಏನಂದ?"

ಸೀವ್ ಲೀ ಫೂಂಗನನ್ನು ನೋಡಿದಳು. ಅವನು ತಲೆ ಎತ್ತಿರಲಿಲ್ಲ. ಗಂಡನನ್ನು ನೋಡಿದಳು. ಅವನು ಅವಳ ಬಾಯಿಯನ್ನೇ ನೋಡುತ್ತಿದ್ದ. ಒಂದು ಉಸಿರಿನಷ್ಟು ಹೊತ್ತು ಅವಳು ಸುಮ್ಮನಿದ್ದಳು.

"ಕಪ್ಪಾಗಿತ್ತಂತೆ," ಎಂದಳು, ಒಂದೊಂದು ಅಕ್ಷರವನ್ನೂ ತುಟಿಯಲ್ಲಿ ಬಿಡಿಸಿಡುತ್ತ. "ಅಂಥಾ ಕಪ್ಪು ಅವನೂ ಜನ್ಮದಲ್ಲಿ ಕೇಳಿರ್ಲಿಲ್ವಂತೆ."

ಕ್ಯೋಂಗ್ ಎರಡು ಸಲ ತಲೆಯಾಡಿಸಿದ.

"ನಂಗೊತ್ತಿತ್ತು," ಎಂದ. "ಆವತ್ತು ನನ್ ಕಿವಿ ಸರಿಯಾಗೇ ಇತ್ತು. ಆಮೇಲೆ ಕೆಟ್ಟಿದ್ದು."

ಅವನು ಎದ್ದು ಮೂಲೆಗೆ ಹೋಗಿ, ಮೊಣಕಾಲೂರಿ, ಸ್ವಿಚ್ ಡಬ್ಬಿಯ ಹಿಂದಿನ ತಂತಿ ಬಿಚ್ಚಿ, ಆ ಭಾರದ ಪೆಟ್ಟಿಗೆಯನ್ನು ಎದೆಗವಚಿಕೊಂಡು ತಂದು ಫೂಂಗನ ತೊಡೆಯ ಮೇಲಿಟ್ಟ.

"ತಗೊಂಡ್ ಹೋಗು. ನಿನ್ನ ಮನೇಲಿ ಹಾಕ್ಕೋ. ಚೆನ್ನಾಗ್ ಪಳಗಿದೆ, ಇಲ್ಲಿದ್ದು ದಂಡ. ಭಾನುವಾರ ಕೂತು ಕೇಳು. ನನ್ನ ಲೆಕ್ಕದಲ್ಲೂ ಒಂದ್ ಹಾಡು ಕೇಳು."

ಫೂಂಗ್ ಬೇಡವೆನ್ನುವಂತಿರಲಿಲ್ಲ. ಪೆಟ್ಟಿಗೆಯನ್ನು ಎತ್ತಿಕೊಂಡು ಗೇಟಿನವರೆಗೆ ನಡೆದ. ಮೇಷ್ಟ್ರು ಬೈಕಿನ ಹಿಂದೆ ಅದನ್ನು ಕಟ್ಟಲು ಹಗ್ಗ ಹಿಡಿದರು. ಅಂದು ಅವರು ಕಾಫಿ ಅಂಗಡಿಗೆ ಹೋಗಲಿಲ್ಲ.

ಸೀವ್ ಪೆಂಗ್ ಕಥೆಯನ್ನು ಇಲ್ಲಿಗೆ ಬಿಟ್ಟಳು. ಹೆಂಗಸರ ಅಂಗೈಗಳು ಹಿಟ್ಟು ಉರುಳಿಸುತ್ತಲೇ ಇದ್ದವು.

"ನಿಮ್ಮಕ್ಕ ನಿಜಾನೇ ಹೇಳ್ಬೇಕಿತ್ತು," ಎಂದಳು ಮೂಲೆಮನೆಯ ಹೆಂಗಸು.

"ನಿಜ ಹೇಳಿ ಯಾವ ಕಿವಿಗ್ ಹಾಕ್ತಿದ್ಲು?" ಎಂದಳು ಅವಳ ಪಕ್ಕದವಳು. "ನಿನ್ ಗಂಡ ಸಾರು ಹೇಗಿದೆ ಅಂತ ಕೇಳಿದ್ರೆ ನೀನು ನಿಜ ಹೇಳ್ತೀಯಾ?"

"ನಮ್ಮನೇಲಿ ಸಾರು ಮಾಡೋಳು ನಾನೇ ಕಣೇ."

ಯಾರೋ ನಕ್ಕರು, ನಗು ಬೆಳೆಯಲಿಲ್ಲ. ಪೆಂಗ್ ಉಂಡೆಗಳನ್ನು ತಟ್ಟೆ ತಟ್ಟೆಗೆ ಹಂಚಿ ಒದ್ದೆ ಬಟ್ಟೆ ಮುಚ್ಚಿದಳು. ಹೆಂಗಸರು ಒಬ್ಬೊಬ್ಬರಾಗಿ ನಲ್ಲಿಯಲ್ಲಿ ಕೈ ತೊಳೆದು, ಬಾಗಿಲಲ್ಲಿ ಚಪ್ಪಲಿ ಹುಡುಕಿಕೊಂಡು, ತಮ್ಮ ತಮ್ಮ ತಟ್ಟೆ ಹಿಡಿದು ಮನೆಗೆ ಹೋದರು.